ವಿಷ್ಣುಕ್ರಾಂತಿಗೆ ಕಾವಲು

ಹಳ್ಳದ ಈಚೆ ದಂಡೆಯಲ್ಲಿ ಅಜ್ಜಯ್ಯನ ಆಶ್ರಮ. ಆಚೆ ದಂಡೆಯಿಂದ ಕಣ್ಣು ಹೋದಷ್ಟೂ ಹುಲ್ಲಿನ ಬಯಲು.

ಮಳೆಗಾಲದಲ್ಲಿ ಆ ಹುಲ್ಲಿನೊಳಗೆ ವಿಷ್ಣುಕ್ರಾಂತಿ ಅರಳುತ್ತಿತ್ತು. ನೆಲಕ್ಕೆ ಅಂಟಿಕೊಂಡ ಗಿಡ, ಉಗುರಿನಷ್ಟು ಹೂ. ಬೆಳಿಗ್ಗೆ ಬಿಚ್ಚಿಕೊಂಡ ನೀಲಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುವುದು. ನಿಂತವರಿಗೆ ಹುಲ್ಲು ಮಾತ್ರ ಕಾಣುವುದು, ಕೂತವರಿಗೆ ಹೂ.

ಅಜ್ಜಯ್ಯ ದಿನವೂ ಹಳ್ಳ ದಾಟಿ ಹೋಗಿ ಆ ಹೂಗಳ ನಡುವೆ ಕೂತು ಬರುತ್ತಿದ್ದರು. ಆ ವರ್ಷ ಅವರ ಮೊಣಕಾಲು ಸೋತವು. ಅಂಗಳದ ಹೊರಸೇ ಅವರ ಲೋಕವಾಯಿತು.

"ಅಜ್ಜಯ್ಯ, ಆ ಹೂವನ್ನು ನಾನು ಇಲ್ಲೇ ಬೆಳೆಸುತ್ತೇನೆ. ನೀವು ಮಲಗಿದಲ್ಲಿಂದಲೇ ನೋಡಬೇಕು," ಎಂದ ಶಿಷ್ಯ ಸೇಸಪ್ಪ.

"ನನಗಾಗಿಯೋ?"

"ನಿಮಗಾಗಿಯೇ. ನನಗೇನು, ನಾನು ಹಳ್ಳ ದಾಟಬಲ್ಲೆ."

ಅಜ್ಜಯ್ಯ ಗಡ್ಡ ನೀವಿಕೊಂಡರು. "ಸರಿ."

ಸೇಸಪ್ಪ ಕಡಲ ಸೀಮೆಯವನು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ. ಅಂದೇ ಬಯಲಿಗೆ ಹೋಗಿ ಒಂದು ಗಿಡವನ್ನು ಮಣ್ಣು ಸಮೇತ ಅಗೆದು ತಂದ. ಬೇರು ಅವನ ಗುದ್ದಲಿಗಿಂತ ಆಳಕ್ಕೆ ಇಳಿದಿತ್ತು, ನಡುವೆ ತುಂಡಾಗಿತ್ತು. ಸಂಜೆಗೆ ಗಿಡ ಬಾಡಿತು.

"ಅದರ ಮನೆ ಕೆಳಗಿದೆ," ಎಂದರು ಅಜ್ಜಯ್ಯ. "ನೀನು ಬಾಗಿಲು ಮಾತ್ರ ಕಿತ್ತು ತಂದೆ."

ಸೇಸಪ್ಪ ಬೀಜ ತಂದ. ಹೊರಸಿನ ಎದುರಿಗೆ ಮಡಿ ಮಾಡಿದ. ಕಲ್ಲು ಆರಿಸಿ ಎಸೆದ. ಕೊಟ್ಟಿಗೆ ಗೊಬ್ಬರ ಬೆರೆಸಿದ. ಬೆಳಿಗ್ಗೆ ಒಂದು ಕೊಡ ನೀರು, ಸಂಜೆ ಒಂದು ಕೊಡ.

ಸಸಿಗಳು ಎದ್ದವು. ಕೊಬ್ಬಿದವು. ಹೂ ಮಾತ್ರ ಬಿಡಲಿಲ್ಲ.

"ಏನು ಕಡಿಮೆಯಾಯಿತು, ಅಜ್ಜಯ್ಯ?"

"ಅದಕ್ಕೆ ಕಾವಲು ಬೇಕು ಕಣೋ."

"ಅಷ್ಟೇನಾ!"

ಸೇಸಪ್ಪ ಜಾಲಿಮುಳ್ಳು ಕಡಿದು ತಂದು ಮಡಿಯ ಸುತ್ತ ಬೇಲಿ ಕಟ್ಟಿದ. ಕೋಲು ಹಿಡಿದು ಕೂತ. ಆಶ್ರಮದ ಹಸು ಕೆಂದಿ ಆ ಕಡೆ ಮುಖ ತಿರುಗಿಸಿದರೂ ಗದರಿದ. ಹುಲ್ಲಿನ ಒಂದು ಎಸಳು ಇಣುಕಿದರೂ ಕಿತ್ತ. ಜಪಕ್ಕೆ ಕೂತಾಗಲೂ ಅವನ ಒಂದು ಕಣ್ಣು ಮಡಿಯ ಮೇಲೆ.

"ಇವತ್ತು ಯಾವ ದೇವರ ಜಪವೋ?" ಎಂದು ಅಜ್ಜಯ್ಯ ಛೇಡಿಸುವರು.

ಸಸಿಗಳು ಹಳದಿಯಾದವು. ಬುಡ ಕೊಳೆಯಿತು. ಕೊನೆಗೆ ಒಂದೇ ಒಂದು ಉಳಿಯಿತು.

ಸೇಸಪ್ಪ ಕೋಲು ಹಿಡಿದೇ ಹೊರಸಿನ ಬಳಿ ಬಂದು ಕೂತ. "ನೀವು ಹೇಳಿದ ಹಾಗೇ ಮಾಡಿದೆ, ಅಜ್ಜಯ್ಯ. ಇದಕ್ಕಿಂತ ಚೆನ್ನಾಗಿ ಯಾರು ಕಾದಾರು?"

ಅಜ್ಜಯ್ಯ ಅವನನ್ನು ನೋಡಿದರು, ಬೇಲಿಯನ್ನು ನೋಡಿದರು, ಕೋಲನ್ನು ನೋಡಿದರು. ಹೊಟ್ಟೆ ಕುಲುಕುವಂತೆ ನಕ್ಕರು.

"ಅಯ್ಯೋ ಮಂಕೇ! ನಿಮ್ಮ ಕಡಲ ಕಡೆ ಕಾವಲು ಅಂದರೆ ಕಾಯೋದು ಮಾತ್ರವೇನೋ? ನಮ್ಮಲ್ಲಿ ಕಾವಲು ಅಂದರೆ ಅದು." ಅವರು ಕೈ ಎತ್ತಿ ಹಳ್ಳದಾಚೆಯ ಬಯಲು ತೋರಿಸಿದರು. "ದನ ಮೇಯೋ ಹುಲ್ಲುನೆಲ. ಗಿಡಕ್ಕೆ ಅದು ಬೇಕು ಅಂದೆ."

ಸೇಸಪ್ಪ ಕೋಲು ಕೆಳಗಿಟ್ಟ.

"ಅಲ್ಲಿ ನೀರು ಹೊಯ್ಯೋರು ಯಾರು?" ಅಜ್ಜಯ್ಯ ಕೇಳಿದರು.

"ಯಾರೂ ಇಲ್ಲ."

"ಹುಲ್ಲು ಕೀಳೋರು?"

"ಯಾರೂ ಇಲ್ಲ."

"ಕೋಲು ಹಿಡಿದು ಕೂರೋರು?"

ಸೇಸಪ್ಪ ಎದ್ದು ಬೇಲಿ ಕೀಳತೊಡಗಿದ.

ಉಳಿದ ಗಿಡದ ಸುತ್ತಲಿನ ಗೊಬ್ಬರದ ಮಣ್ಣು ಬಾಳೆಯ ಬುಡಕ್ಕೆ ಹೋಯಿತು. ಅಲ್ಲಿಗೆ ಗರಸು ಮಣ್ಣು ಬಂತು, ಆರಿಸಿ ಎಸೆದ ಕಲ್ಲುಗಳೂ ಬಂದವು. ಹುಲ್ಲು ತಾನಾಗಿಯೇ ಬಂತು. ಹುಲ್ಲಿನ ಹಿಂದೆಯೇ ಕೆಂದಿ ಬಂತು, ಮೂಸಿತು, ಗಿಡದ ತುದಿಯನ್ನೂ ಸೇರಿಸಿ ಕಚ್ಚಿತು.

"ಅಜ್ಜಯ್ಯ! ತಿಂದುಬಿಡ್ತು!"

"ನಿನ್ನ ಕೈ ಅದಕ್ಕಿಂತ ಹೆಚ್ಚು ತಿಂದಿದೆ. ಸುಮ್ಮನಿರು."

ಬೇಸಿಗೆ ಬಂದಾಗ ಗಿಡ ಒಣಗಿತು. ಒಣಗಿದ ಕಡ್ಡಿಯೂ ಪುಡಿಯಾಗಿ ಗಾಳಿಗೆ ಹೋಯಿತು. ಸೇಸಪ್ಪ ಗುದ್ದಲಿ ತಂದ.

"ಬೇರು ಬದುಕಿದೆಯಾ ಅಂತ ನೋಡುತ್ತೇನೆ. ಸ್ವಲ್ಪವೇ ಅಗೆಯುತ್ತೇನೆ."

ಅಜ್ಜಯ್ಯ ಹೊರಸಿನಿಂದ ಇಳಿದರು. ತೆವಳಿಕೊಂಡು ಬಂದು ಗುದ್ದಲಿಯ ಬಾಯಿಗೆ ತಮ್ಮ ಕಾಲು ಚಾಚಿದರು.

"ಮೊದಲು ಇದನ್ನು ಅಗೆ. ಇದೂ ಬದುಕಿದೆಯೋ ಇಲ್ಲವೋ ನೋಡೋಣ."

ಗುದ್ದಲಿ ಅಟ್ಟ ಸೇರಿತು.

ಆ ಬೇಸಿಗೆಯೆಲ್ಲ ಇಬ್ಬರೂ ಏನೂ ಇಲ್ಲದ ನೆಲವನ್ನು ನೋಡುತ್ತ ಕೂತರು. ಬಿಸಿಲಿನಲ್ಲಿ ಆಚೆ ದಂಡೆ ನೆಲ ಬಿಟ್ಟು ತೇಲುತ್ತಿತ್ತು. ಕೆಲವು ಮಧ್ಯಾಹ್ನ ಸೇಸಪ್ಪನಿಗೆ ಜೊಂಪು ಹತ್ತುವುದು. ತಾನೇ ಮಣ್ಣಿನ ಕೆಳಗೆ ತಣ್ಣಗೆ ಮಲಗಿದ್ದೇನೆ, ಮೇಲೆ ಯಾರೋ ಮೆಲ್ಲಗೆ ನಡೆದು ಹೋಗುತ್ತಿದ್ದಾರೆ ಅನ್ನಿಸುವುದು. ಕಣ್ಣು ಬಿಟ್ಟರೆ ಕೆಂದಿ.

ಮಳೆ ಬಂತು. ಏನೂ ಇಲ್ಲದ ನೆಲದಿಂದ ಬೂದುಬಣ್ಣದ ನವಿರು ಚಿಗುರೊಂದು ಹೊರಟಿತು. ಕಲ್ಲಿನ ಮೇಲೆ ಕೈ ಊರಿಕೊಂಡು ಹರಡಿತು. ಒಂದು ಸಂಜೆ ಅದರಲ್ಲಿ ಸಾಸಿವೆಯಷ್ಟು ಮೊಗ್ಗು ಕಂಡಿತು.

ಮೊಗ್ಗು ತುಂಬಿಕೊಂಡ ಮೇಲೆ, ಒಂದು ನಸುಕಿನಲ್ಲಿ, ಸೇಸಪ್ಪ ಹೊರಟು ನಿಂತ.

"ಎಲ್ಲಿಗೋ?"

"ಕಾವಲಿಗೆ. ಅಲ್ಲಿ ಅರಳದೆ ಇಲ್ಲಿ ಅರಳೋದಿಲ್ಲ. ನೋಡಿ ಬರುತ್ತೇನೆ."

ಅಜ್ಜಯ್ಯ ಏನೋ ಹೇಳಲು ಬಾಯಿ ತೆರೆದರು. ಅವನು ಆಗಲೇ ಹಳ್ಳದಲ್ಲಿದ್ದ.

ಕಾವಲಿನಲ್ಲಿ ಬಗ್ಗಿ ಹುಲ್ಲು ಸರಿಸಿದ. ನೀಲಿ. ಇನ್ನಷ್ಟು ಸರಿಸಿದ. ಎಲ್ಲೆಲ್ಲೂ ನೀಲಿ.

ಸೇಸಪ್ಪ ತಿರುಗಿ ಓಡಿದ. ಆದರೆ ಮೇಲೆಲ್ಲೋ ಮಳೆ ಸುರಿದಿತ್ತು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು.

ಅವನು ದಂಡೆಯಲ್ಲಿ ಕೂತ. ನೀರಿನಾಚೆ ಅಂಗಳದ ಹೊರಸು ಕಾಣುತ್ತಿತ್ತು. ಹೊರಸಿನ ಮೇಲೆ ಯಾರೂ ಇರಲಿಲ್ಲ. ಅವನ ಸುತ್ತ ಹೂಗಳು ಗಾಳಿಗೆ ಅಲುಗಿದವು. ಹೊತ್ತು ಏರಿದಂತೆ ಒಂದೊಂದಾಗಿ ಮುಚ್ಚಿಕೊಂಡವು. ಅವನ ಕಣ್ಣು ಅವುಗಳ ಕಡೆ ಹೋಗಲಿಲ್ಲ.

ನೀರು ಸೊಂಟಕ್ಕೆ ಇಳಿದಾಗ ದಾಟಿದ. ಅಂಗಳಕ್ಕೆ ಬಂದ.

ಅಜ್ಜಯ್ಯ ಗಿಡದ ಮುಂದೆ, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದರು. ಹೂ ಆಗಲೇ ದೀಪದ ಬತ್ತಿಯ ತುದಿಯಂತೆ ಸುರುಟಿಕೊಂಡಿತ್ತು.

"ಅಜ್ಜಯ್ಯ!"

ಕಣ್ಣು ಮೆಲ್ಲಗೆ ತೆರೆದವು. "ಬಂದೆಯಾ."

"ಅರಳಿತ್ತಾ?"

"ಅರಳಿತ್ತು."

"ನೋಡಿದಿರಾ?"

"ಅದು ಕಣ್ಣು ಮುಚ್ಚೋವರೆಗೂ." ಅವರ ಕೆನ್ನೆಯ ಮೇಲೆ ಹುಲ್ಲಿನ ಗೆರೆಗಳು ಮೂಡಿದ್ದವು.

ಸೇಸಪ್ಪ ಒದ್ದೆ ಬಟ್ಟೆಯಲ್ಲೇ ಕುಸಿದು ಕೂತ. "ನಾನು ನೋಡಲಿಲ್ಲ."

"ನಾಳೆ ಇನ್ನೊಂದು ಅರಳುತ್ತೆ."

"ಅದು ಇದಲ್ಲ." ಅವನ ಕಣ್ಣಿಂದ ನೀರು ಇಳಿಯಿತು. ತಡೆಯಲು ನೋಡಿದ, ಆಗಲಿಲ್ಲ.

ಅಜ್ಜಯ್ಯ ಎದ್ದು ಕೂತರು. "ಈ ಹೂ ಯಾರಿಗೆ ಅಂದಿದ್ದೆ?"

"ನಿಮಗೆ."

"ನನಗೆ ಸಿಕ್ಕಿತು." ಅವರು ತಮ್ಮ ಹೊದಿಕೆಯ ಅಂಚಿನಿಂದ ಶಿಷ್ಯನ ಮುಖ ಒರೆಸಿದರು. "ಹಾಗಾದರೆ, ಅಳುತ್ತಿರುವವನು ಯಾರು?"