ಮೇಷ್ಟ್ರ ತಟ್ಟೆಯ ದೋಸೆ

ಕಂಟ್ರಾಕ್ಟರ್ ರುದ್ರಮುನಿಯಪ್ಪನವರು ಬಂದರೆಂದರೆ ಆ ಬೆಣ್ಣೆ ದೋಸೆ ಹೋಟೆಲಿನವರಿಗೆ ನಡುಕ. ಅವತ್ತೂ ಅಷ್ಟೇ, ತಟ್ಟೆ ನೋಡಿದ್ದೇ ಮುಖ ಸಿಂಡರಿಸಿದರು.

“ಇದೂ ಒಂದು ದೋಸೆಯೇನಯ್ಯಾ? ತಗೊಂಡು ಹೋಗು! ಬೇರೆ ತರದಿದ್ರೆ ಮಾಲೀಕರಿಗೆ ಹೇಳಿ ನಿನ್ನ ಕೆಲಸ ಬಿಡಿಸ್ತೀನಿ!”

ಸಪ್ಲೈಯರ್ ಹಾಲಪ್ಪ ಆ ಮುಟ್ಟದೇ ಬಿಟ್ಟ ತಟ್ಟೆ ಎತ್ತಿಕೊಂಡು ಒಳಗೆ ಹೋದ. ಹೊರಗೆ ಬಂದವನೇ ಎದುರು ಟೇಬಲ್ಲಿನ ಮೇಷ್ಟ್ರ ಮುಂದೆ ಒಂದು ದೋಸೆ ಇಟ್ಟ. ಮೇಷ್ಟ್ರು ಕಣ್ಣು ಮುಚ್ಚಿ ಚಪ್ಪರಿಸಿದರು.

ರುದ್ರಮುನಿಯಪ್ಪನವರು ಟೇಬಲ್ ಗುದ್ದಿದರು. “ಅವರಿಗೊಂದು ಥರ, ನನಗೊಂದು ಥರಾನಾ? ನನಗೂ ಅಂಥದ್ದೇ ಬೇಕು!”

“ಅದು ನೀವು ಈಗ್ತಾನೆ ವಾಪಸ್ ಕಳಿಸಿದ ದೋಸೇನೇ ಸಾರ್.”

ಹೋಟೆಲಿಗೆ ಹೋಟೆಲೇ ನಕ್ಕಿತು. ಮೇಷ್ಟ್ರಿಗೆ ನೆತ್ತಿಗೆ ಹತ್ತಿತು. ಕೊನೆಗೆ ರುದ್ರಮುನಿಯಪ್ಪನವರಿಗೂ ನಗು ತಡೆಯಲಾಗಲಿಲ್ಲ.

“ಹೋಗ್ಲಿ ಬಿಡಪ್ಪಾ, ಬೇರೆ ಯಾರಾದ್ರೂ ವಾಪಸ್ ಕಳಿಸಿದ್ದಿದ್ರೆ ಅದನ್ನೇ ತಾ!”