ಅಳಿಯನ ಕಾರಿಗೆ ಮಾವನ ಎಣ್ಣೆ

“ಪ್ರೀತಿಯಿಂದ ಕೊಟ್ಟದ್ದೂ ಕೇಡು ಮಾಡುವುದುಂಟೆ, ಗುರುಗಳೇ?” ಎಂದು ಶಿಷ್ಯನೊಬ್ಬ ಕೇಳಿದ. ಅವನು ಹನ್ನೆರಡು ಜನರ ಮನೆಗೆ ಯಜಮಾನ.

ಗುರುಗಳು ಹೇಳಿದರು:

ಕಲಬುರಗಿಯ ಕಡೆ ಒಬ್ಬ ಲಾರಿ ಚಾಲಕನಿದ್ದ. ಕೆಂಡದಂಥ ಬಿಸಿಲಿನಲ್ಲಿ ಮೂವತ್ತು ವರ್ಷ ಗಾಡಿ ಓಡಿಸಿದವನು. ಎಂಜಿನ್‌ಗೆ ಮಂದ ಎಣ್ಣೆಯೇ ಮೇಲು ಎನ್ನುವುದು ಅವನ ವೇದ. ಅಲ್ಲ ಎಂದ ತಪ್ಪಿಗೆ ಒಡಹುಟ್ಟಿದ ತಮ್ಮನನ್ನೇ ಆರು ವರ್ಷ ಹೊಸಿಲು ತುಳಿಯಗೊಟ್ಟಿರಲಿಲ್ಲ.

ಅವನ ಮಗಳನ್ನು ಊಟಿಯಲ್ಲಿ ಬಾಡಿಗೆ ಕಾರು ಓಡಿಸುವವನಿಗೆ ಕೊಟ್ಟಿದ್ದರು. ಮೊದಲ ದೀಪಾವಳಿಗೆ ಅಳಿಯ ಹೆಂಡತಿಯೊಡನೆ ಕಾರಿನಲ್ಲಿ ಬಂದ. ಮಾವ ಉಂಗುರ ತೊಡಿಸಿದ. ಕಾರಿನ ತೆಳು ಎಣ್ಣೆ ಇಳಿಸಿ, ತನ್ನ ಕೈಯಾರೆ ಮಂದ ಎಣ್ಣೆ ತುಂಬಿದ. ಊಟಿಯ ಚಳಿಗೆ ಅದು ಆಗದೆಂದು ಅಳಿಯನಿಗೆ ಗೊತ್ತಿತ್ತು. ಊರಿಗೆ ಹೋಗಿ ಬದಲಿಸೋಣವೆಂದ. “ಅಪ್ಪ ಫೋನ್ ಮಾಡಿ ಕೇಳುತ್ತಾರೆ. ನಾನು ಸುಳ್ಳು ಹೇಳಲಾರೆ” ಎಂದಳು ಹೆಂಡತಿ. ಎಣ್ಣೆ ಹಾಗೇ ಉಳಿಯಿತು.

ಪುಷ್ಯ ಮಾಸ. ಹುಲ್ಲಿನ ಮೇಲೆ ಹಿಮ ಕಟ್ಟಿದ್ದ ಬೆಳಿಗ್ಗೆ. ಅವಳನ್ನು ತವರಿಗೆ ಕರೆಯುವ ಮುಂಚೆ, ಏಳು ತಿಂಗಳಿಗೇ ನೋವು ಬಂತು. ಎಂಜಿನ್‌ನೊಳಗೆ ಎಣ್ಣೆ ಜೋನಿಬೆಲ್ಲದಂತೆ ಗಟ್ಟಿಯಾಗಿತ್ತು. ಕಾರು ನರಳಿತು, ಹೊರಡಲಿಲ್ಲ. ಕೀಲಿ ತಿರುಗಿಸಿ ತಿರುಗಿಸಿ ಬ್ಯಾಟರಿಯೂ ಇಳಿಯಿತು. ತರಕಾರಿ ವ್ಯಾನೊಂದು ಸಿಕ್ಕಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು.

ಜನರ ಬಾಯಿಗೆ ಹಬ್ಬ. ಉಂಗುರ ಹಗುರವಾಯಿತೆಂದು ಅಳಿಯ ಬೇಕೆಂದೇ ತಡಮಾಡಿದನಂತೆ ಎಂದರು. ಆ ಮಾತನ್ನು ಮೊದಲು ಆಡಿದವನು ಯಾರು? ಊಟಿಗೆ ಓಡಿಬಂದ ಮಾವನೇ.

ಮೆಕ್ಯಾನಿಕ್ ಬಂದು ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಮಾವ ಪಕ್ಕದಲ್ಲೇ ನಿಂತಿದ್ದ.

“ಯಜಮಾನರೇ, ಎಣ್ಣೆಯ ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ಮೊದಲನೆಯದು ಚಳಿಗೆ, ಎರಡನೆಯದು ಬಿಸಿಗೆ. ಇದನ್ನು ಸುರಿದ ಪುಣ್ಯಾತ್ಮ ಮೊದಲನೆಯದನ್ನು ಓದಲೇ ಇಲ್ಲ.”

ಮಾವ ಅಳಿಯನ ಕಡೆ ತಿರುಗಿದ. “ನಿನಗೆ ಗೊತ್ತಿತ್ತೇನಪ್ಪಾ? ಬೇಡ ಅನ್ನಬಾರದಿತ್ತೇ?”

ಒಳಗೆ ಮಲಗಿದ್ದ ಮಗಳು ಅಲ್ಲಿಂದಲೇ ಹೇಳಿದಳು: “ಚಿಕ್ಕಪ್ಪ ಅಂದಿದ್ದರಲ್ಲ, ಅಪ್ಪ.”

ಗುರುಗಳು ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡ.

“ಪಾಪ. ನಮ್ಮ ಮನೆ ಹಾಗಲ್ಲ, ಗುರುಗಳೇ. ನಾನು ಕೊಟ್ಟದ್ದನ್ನು ಇಂದಿನವರೆಗೆ ಒಬ್ಬರೂ ಬೇಡ ಅಂದಿಲ್ಲ.”

“ಹಾಗಾದರೆ ನೀನು ಅವರಿಗೆ ಏನೇನು ಕೊಟ್ಟಿದ್ದೀಯೆಂದು ನಿನಗೂ ಗೊತ್ತಿಲ್ಲ” ಎಂದರು ಗುರುಗಳು.