ಭರಮಣ್ಣನ ಅರ್ಧ ಹಬ್ಬಗಳು

ಹಿರೇಗುಂಡಿ ಕೆರೆಯ ಪಡುವಣ ಮೂಲೆಯಲ್ಲಿ ಜೊಂಡು ಹುಲ್ಲು ದಟ್ಟವಾಗಿ ಬೆಳೆದಿತ್ತು. ಅದರ ನಡುವೆ ಕೆಂಚವ್ವ ಎಂಬ ನೀರುಕೋಳಿ ಗೂಡು ಕಟ್ಟಿಕೊಂಡಿದ್ದಳು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಕುಂಕುಮ ಮೆತ್ತಿದ ಹಾಗೆ ಕೆಂಪು. ಗೂಡಿನಲ್ಲಿ ನಾಲ್ಕು ಮೊಟ್ಟೆ.

ಮಕ್ಕಳೇ, ಆ ನಾಲ್ಕು ಮೊಟ್ಟೆಗಳನ್ನು ಮರೆಯಬೇಡಿ. ಕೆಂಚವ್ವ ಮೊದಲ ಸಲ ಇಟ್ಟ ಮೊಟ್ಟೆಗಳನ್ನು ಕೇರೆಹಾವು ನುಂಗಿತ್ತು. ಎರಡನೇ ಸಲದವು ಅಕಾಲದ ಮಳೆಗೆ ಕೊಚ್ಚಿಹೋಗಿದ್ದವು. ಇನ್ನು ಉಳಿದದ್ದು ಇವಿಷ್ಟೇ. ಇವು ನೆನೆಯಬಾರದು, ತಣ್ಣಗಾಗಬಾರದು. ಅದಕ್ಕೇ ಅವಳು ಊಟ ನಿದ್ದೆ ಬಿಟ್ಟು ಕಾವು ಕೊಡುತ್ತ ಕುಳಿತಿದ್ದಳು.

ಅವಳಿಗೆ ಬೇಕಾಗಿದ್ದು ಇಪ್ಪತ್ತು ದಿನದ ನೆಮ್ಮದಿ. ಸಿಕ್ಕಿದ್ದು ನೆರೆಮನೆಯ ಭರಮಣ್ಣ.

ಭರಮಣ್ಣ ಒಂದು ನೀರುನಾಯಿ. ಅಲ್ಲೇ ಕೂಗಳತೆಯಲ್ಲಿ, ದಂಡೆಯ ಹೊಂಗೆ ಮರದ ಬೇರಿನಡಿ ಅವನ ಬಿಲ. ಕೆಟ್ಟವನೇನಲ್ಲ. ಮೊಟ್ಟೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದ, ಆ ಮಾತನ್ನು ಉಳಿಸಿಕೊಂಡೂ ಇದ್ದ. ಆದರೆ ಅವನಿಗೊಂದು ಚಟ. ಚಳಿಗಾಲಕ್ಕೆ ದೂರ ದೇಶಗಳಿಂದ ಕೆರೆಗೆ ಹಕ್ಕಿಗಳು ಬರುತ್ತವಲ್ಲ, ಅವುಗಳ ಮುಂದೆ ಹೋಗಿ ಕುಳಿತು, "ನಿಮ್ಮ ಕಡೆ ಜನ ಹಬ್ಬ ಹೇಗೆ ಮಾಡ್ತಾರೆ?" ಎಂದು ಕೇಳುವುದು. ಕೇಳಿದರೆ ತಪ್ಪೇನು? ಏನೂ ಇಲ್ಲ. ಆದರೆ ಅವನು ಅರ್ಧ ಕೇಳುವಷ್ಟರಲ್ಲೇ ಎದ್ದು ಓಡುತ್ತಿದ್ದ. ಅಲ್ಲೇ ಇತ್ತು ತಾಪತ್ರಯ.

ಮೊದಲು ಸಿಕ್ಕಿದ್ದು ಮಂಗೋಲಿಯಾದಿಂದ ಬಂದ ಪಟ್ಟೆತಲೆಯ ಹೆಬ್ಬಾತು.

"ನಮ್ಮಲ್ಲಿ ಹೊಸ ವರ್ಷದ ಹಬ್ಬಕ್ಕೆ ಬಿಳಿ ತಿಂಗಳು ಅಂತಾರೆ," ಎಂದಿತು ಹೆಬ್ಬಾತು. "ಜನ ಮನೆಮನೆಗೆ ಹೋಗ್ತಾರೆ, ಮಾಂಸದ ಕಡುಬು ತಿಂತಾರೆ. ಆದರೆ ಅದಕ್ಕೂ ಮೊದಲು..."

ಭರಮಣ್ಣ ಅಲ್ಲಿರಲಿಲ್ಲ. ಮನೆಮನೆಗೆ ಹೋಗಿ ತಿನ್ನುವುದು ಎಂಬಷ್ಟು ಕಿವಿಗೆ ಬಿದ್ದದ್ದೇ ತಡ, ಹೊರಟುಬಿಟ್ಟಿದ್ದ. ಕೊಕ್ಕರೆಯ ಮನೆಯಲ್ಲಿ ಮೀನು ತಿಂದ. ಏಡಿಯ ಮನೆಗೆ ಹೋದಾಗ ಏಡಿ ಬಾಗಿಲು ಹಾಕಿಕೊಂಡಿತು, ಪುಣ್ಯ. ಕೆಂಚವ್ವನ ಗೂಡಿಗೆ ಬಂದು, ಅವಳು ಎದ್ದು ಹೋಗಲಾಗದ ದಿನಗಳಿಗೆಂದು ಕೂಡಿಟ್ಟಿದ್ದ ಬಸವನಹುಳುಗಳನ್ನೆಲ್ಲ ಕಟಕಟನೆ ಕಡಿದು ಮುಗಿಸಿದ.

"ಹೊಸ ವರ್ಷ ಅಕ್ಕಾ! ಬೇಜಾರು ಮಾಡ್ಕೋಬೇಡ!" ಎಂದು ಬಾಯಿ ಒರೆಸಿಕೊಂಡು ಹೋದ.

ಅತ್ತ ಹೆಬ್ಬಾತು ಬರಿದಾದ ಜಾಗಕ್ಕೇ ಮಾತು ಮುಗಿಸುತ್ತಿತ್ತು: "...ಮೊದಲು ಹಿರಿಯರ ಮೊಣಕೈಗೆ ಕೆಳಗಿನಿಂದ ಕೈ ಆನಿಸಿ ನಮಸ್ಕಾರ ಹೇಳ್ತಾರೆ. ನಿಮಗೆ ನಾನು ಆಸರೆ ಆಗಿರ್ತೀನಿ ಅಂತ ಅದರ ಅರ್ಥ."

ಕೇಳಿಸಿಕೊಂಡವಳು ಕೆಂಚವ್ವ ಒಬ್ಬಳೇ. ಏಳುವ ಹಾಗಿಲ್ಲವಲ್ಲ, ಎಲ್ಲರ ಮಾತೂ ಅವಳ ಕಿವಿಗೆ ಪೂರ್ತಿ ಬೀಳುತ್ತಿತ್ತು. "ಆಸರೆಯಂತೆ! ಇವನ ಆಸರೆ ಹೀಗೇ ಇದ್ದರೆ ನಾನು ಉಪವಾಸ ಸಾಯಬೇಕು," ಎಂದು ಗೊಣಗಿಕೊಂಡಳು.

ಹೋಗಲಿ ಅಂದುಕೊಂಡರೆ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಥಾಯ್ಲೆಂಡಿಗೆ ಹೋಗಬೇಕಾಗಿದ್ದ ಕವಲುಬಾಲದ ಹಕ್ಕಿಯೊಂದು ಬಿರುಗಾಳಿಗೆ ದಾರಿ ತಪ್ಪಿ ಈ ಕೆರೆಗೆ ಬಂತು. ಪಾಪ, ಅದು ಉಸಿರು ತೆಗೆದುಕೊಳ್ಳುವ ಮೊದಲೇ ಭರಮಣ್ಣ ಹಾಜರು.

"ಅಲ್ಲಿ ಏಪ್ರಿಲ್ ತಿಂಗಳಲ್ಲಿ ಹೊಸ ವರ್ಷ. ಬೀದಿಯಲ್ಲಿ ಒಬ್ಬರ ಮೇಲೊಬ್ಬರು ನೀರು ಎರಚಾಡ್ತಾರೆ. ಆದರೆ..."

ದುಡುಮ್! ಭರಮಣ್ಣ ಕೆರೆಗೆ ಹಾರಿಯಾಗಿತ್ತು. ಬೆಳಗಿನಿಂದ ಬಿಸಿಲು ಇಳಿಯುವವರೆಗೂ ಬಾಲದಿಂದ ನೀರು ಬಡಿದ, ಕೈಯಿಂದ ಎರಚಿದ, ಬಾಯಿಂದ ಉಗಿದ. ಕೆಂಚವ್ವನ ಸುತ್ತಲಿನ ಒಣ ಜೊಂಡೆಲ್ಲ ತೊಪ್ಪೆಯಾಯಿತು. ಅವಳು ರೆಕ್ಕೆ ಹರಡಿ ಮೊಟ್ಟೆಗಳ ಮೇಲೆ ಬೋರಲು ಬಿದ್ದಳು. ಬೆನ್ನ ಮೇಲಿಂದ ನೀರು ಇಳಿಯುತ್ತಿತ್ತು.

"ಲೋ ಭರಮಣ್ಣ! ಮೊಟ್ಟೆ ನೆನೀತಾವೆ ಕಣೋ!"

"ಹಬ್ಬ ಅಕ್ಕಾ, ಹಬ್ಬ!"

"ಅದು ಏಪ್ರಿಲ್‌ನಲ್ಲಂತೆ! ಇನ್ನೂ ತಿಂಗಳಿದೆ!"

"ಒಳ್ಳೆ ಕೆಲಸಕ್ಕೆ ತಿಂಗಳು ಯಾಕೆ ಕಾಯೋದು?" ಎಂದು ಅವನು ಇನ್ನೊಂದು ಬಾರಿ ಬಾಲ ಬಡಿದ.

ಕೆಂಚವ್ವನಿಗೆ ಅಳು ಬಂತು. ಸಿಟ್ಟು ಅದಕ್ಕಿಂತ ಹೆಚ್ಚು ಬಂತು. ಆದರೆ ಎದ್ದು ಹೋಗಿ ಅವನ ಮೂತಿಗೆ ಕುಕ್ಕೋಣವೆಂದರೆ ಮೊಟ್ಟೆ ತಣ್ಣಗಾಗುತ್ತವೆ. ಇಂಥ ನೆರೆಯವರಿಗೆ ಏನು ಮಾಡಬೇಕು, ನೀವೇ ಹೇಳಿ.

ಸಂಜೆ ಭರಮಣ್ಣ ಮೈ ಒಣಗಿಸಿಕೊಳ್ಳುತ್ತ ದಂಡೆಯಲ್ಲಿ ಕುಳಿತಿದ್ದ. ಇರಾನಿನ ಕಡೆಯಿಂದ ಬಂದಿದ್ದ ಅಗಲ ಕೊಕ್ಕಿನ ಅಜ್ಜಿ ಬಾತು ಅಲ್ಲೇ ಕೆಸರು ಕೆದಕುತ್ತಿತ್ತು.

"ಅಜ್ಜಿ, ನಿಮ್ಮ ಕಡೆ ಯಾವ ಹಬ್ಬ?"

"ಹೋಗಬೇಡ ಭರಮಣ್ಣ, ಕೇಳಲೇ ಬೇಡ," ಎಂದು ಕೆಂಚವ್ವ ಗೂಡಿನಿಂದಲೇ ಕೂಗಿದಳು. ಯಾರು ಕೇಳುತ್ತಾರೆ?

"ನಮ್ಮಲ್ಲಿ ವಸಂತ ಬಂದಾಗ ಹೊಸ ವರ್ಷ ಮಗಾ," ಎಂದಿತು ಅಜ್ಜಿ ಬಾತು. "ಹಳೆ ವರ್ಷದ ಕೊನೇ ಬುಧವಾರ ಇದೆಯಲ್ಲ, ಅದರ ಹಿಂದಿನ ಸಂಜೆ ಜನ ಬೆಂಕಿ ಹಾಕಿ, ಅದರ ಮೇಲಿಂದ ಹಾರ್ತಾರೆ. ನಮ್ಮ ಬಿಳಿಚಿದ ಬಣ್ಣ ತಗೊಂಡು ನಿನ್ನ ಕೆಂಪು ಬಣ್ಣ ಕೊಡು ಅಂತ ಬೆಂಕಿಗೆ ಹೇಳ್ತಾರೆ. ಆದರೆ ನೋಡು, ಹಬ್ಬಕ್ಕೆ ಮೊದಲು..."

ನೋಡುವುದಕ್ಕೆ ಅಲ್ಲಿ ಭರಮಣ್ಣನ ಒದ್ದೆ ಹೆಜ್ಜೆ ಬಿಟ್ಟರೆ ಏನೂ ಇರಲಿಲ್ಲ.

ಕೆರೆಯಾಚೆ ಕಬ್ಬಿನ ಗದ್ದೆಯಲ್ಲಿ ರೈತರು ಒಣ ತರಗಿಗೆ ಬೆಂಕಿ ಹಚ್ಚಿ ಮನೆಗೆ ಹೋಗಿದ್ದರು. ಭರಮಣ್ಣ ಅಲ್ಲಿಂದ ತುದಿ ಹೊತ್ತಿದ ಕೋಲೊಂದನ್ನು ಕಚ್ಚಿಕೊಂಡು ಬಂದ. ಅವನ ಬಿಲದ ಬಾಗಿಲಿಗೆ ಒಂದು ತಿಪ್ಪೆ ಇತ್ತು. ಹಳೆಯ ಹಾಸಿಗೆಯ ಹುಲ್ಲು, ಮೀನಿನ ಮುಳ್ಳು, ತರಗೆಲೆ, ವರ್ಷದಿಂದ ಗುಡಿಸದೆ ಬಿಟ್ಟದ್ದೆಲ್ಲ ಅಲ್ಲೇ. ಕೋಲನ್ನು ಅದರ ಮೇಲೆ ಇಟ್ಟ.

"ಅಯ್ಯೋ, ಅಲ್ಲಿ ಬೇಡವೋ! ಗಾಳಿ ಈ ಕಡೆಗಿದೆ!" ಕೆಂಚವ್ವನ ಗಂಟಲು ಒಡೆಯಿತು.

ಅವನು ಒಂದು ಸಲ ಹಾರಿದ. ಎರಡನೇ ಸಲ ಹಾರುವಷ್ಟರಲ್ಲಿ ತಿಪ್ಪೆ ಭಗ್ಗೆಂದಿತು. ಮೀಸೆ ಸುಟ್ಟಿತು. ಬೆಂಕಿ ಬಿಲದೊಳಗೆ ನುಗ್ಗಿ ಹೊಸ ಹಾಸಿಗೆಯನ್ನೂ ನುಂಗಿತು. ಆಮೇಲೆ ದಂಡೆಯ ಒಣ ಜೊಂಡಿಗೆ ಹಿಡಿದು ಚಟಚಟ ಸದ್ದು ಮಾಡುತ್ತ ಕೆಂಚವ್ವನ ಗೂಡಿನತ್ತ ಬಂತು.

ಹೆಬ್ಬಾತು ಹಾರಿತು, ಅಜ್ಜಿ ಬಾತು ಹಾರಿತು. "ಏಳು ಕೆಂಚವ್ವಾ, ಎದ್ದು ಬಾ!" ಎಂದು ಎಲ್ಲ ಮೇಲಿನಿಂದ ಕೂಗಿದವು.

ಕೆಂಚವ್ವ ಏಳಲಿಲ್ಲ. ಕಣ್ಣು ಮುಚ್ಚಿ, ನಾಲ್ಕೂ ಮೊಟ್ಟೆಗಳನ್ನು ಹೊಟ್ಟೆಯಡಿ ಒತ್ತಿಕೊಂಡಳು. ಹೊಗೆ ಮೂಗಿಗೆ ಬಡಿಯಿತು. ಮುಖಕ್ಕೆ ಬಿಸಿ ತಾಗಿತು. ಇನ್ನೇನು ಬಂತು ಎನ್ನುವಾಗ ಚೊಂಯ್ ಎಂದು ಸದ್ದಾಯಿತು. ಕಣ್ಣು ಬಿಟ್ಟು ನೋಡಿದರೆ, ಬೆಂಕಿ ನಾಲ್ಕು ಮಾರು ದೂರದಲ್ಲಿ, ಹಗಲೆಲ್ಲ ನೆನೆದು ತೊಪ್ಪೆಯಾಗಿದ್ದ ಜೊಂಡಿಗೆ ತಾಗಿ ಉಸಿರು ಬಿಡುತ್ತಿತ್ತು. ಒಂದಷ್ಟು ಹೊಗೆಯಾಡಿ ಆರಿಯೇಹೋಯಿತು.

ಆಗ ನೀರಿನಿಂದ ಒಂದು ತಲೆ ಮೇಲೆದ್ದಿತು. ಒಂದು ಕಡೆಯ ಮೀಸೆ ಇರಲಿಲ್ಲ.

"ನೋಡಿದೆಯಾ ಅಕ್ಕಾ!" ಎಂದ ಭರಮಣ್ಣ. "ನನ್ನ ನೀರಿನ ಹಬ್ಬವೇ ನಿನ್ನ ಮೊಟ್ಟೆ ಉಳಿಸಿತು!"

ಕೆಂಚವ್ವ ಬಾಯಿ ತೆರೆದಳು. ಬೈಗುಳಗಳಿಗೇನು ಬರವೇ? ಆದರೆ ಒಂದನ್ನೂ ಬಳಸಲಿಲ್ಲ. ಬಹಳ ಮೆಲ್ಲಗೆ ಹೇಳಿದಳು.

"ಹೌದಪ್ಪ. ನೀರೂ ನಿನ್ನದೇ, ಬೆಂಕಿಯೂ ನಿನ್ನದೇ. ಎರಡರ ನಡುವೆ ಕೂತು ನಡುಗಿದವಳು ಮಾತ್ರ ನಾನು."

ಕೂಗಿದ್ದರೆ ಭರಮಣ್ಣ ನಗುತ್ತಿದ್ದನೋ ಏನೋ. ಅವಳು ಕೂಗಲಿಲ್ಲ. ಅವನು ತಲೆ ತಗ್ಗಿಸಿ ದಂಡೆಗೆ ಹೋದ. ಬಿಲದಲ್ಲಿ ಮಲಗಲು ಒಂದು ಎಸಳು ಹುಲ್ಲೂ ಉಳಿದಿರಲಿಲ್ಲ.

ಅಜ್ಜಿ ಬಾತು ಅವನ ಪಕ್ಕದಲ್ಲಿ ಇಳಿಯಿತು. "ನನ್ನ ಮಾತು ಇನ್ನೂ ಮುಗಿದಿರಲಿಲ್ಲ ಮಗಾ. ಹಬ್ಬಕ್ಕೆ ಮೊದಲು ನಮ್ಮ ಕಡೆ ಇಡೀ ಮನೆ ಕೊಡವಿ, ಮೂಲೆಮೂಲೆಯ ಕಸ ತೆಗೆದು ಚೊಕ್ಕಟ ಮಾಡ್ತಾರೆ. ಬೆಂಕಿ ಹಾಕೋದು ಬಯಲಲ್ಲಿ, ಪುಟ್ಟ ಪುಟ್ಟ ಗುಡ್ಡೆಯಾಗಿ."

"ಮೊದಲೇ ಯಾಕೆ ಹೇಳಲಿಲ್ಲ ಅಜ್ಜಿ?"

ಗೂಡಿನೊಳಗಿಂದ ಕೆಂಚವ್ವ ನಿಟ್ಟುಸಿರು ಬಿಟ್ಟದ್ದು ಇಬ್ಬರಿಗೂ ಕೇಳಿಸಿತು.

ಮರುದಿನ ಭರಮಣ್ಣ ಬೂದಿ ಗೋರಿದ. ದಂಡೆ ಗುಡಿಸಿದ. ಕೆಂಚವ್ವ ಕೇಳದಿದ್ದರೂ ಗೂಡಿನ ಅಂಚಿಗೆ ಒಂದು ರಾಶಿ ಬಸವನಹುಳು ತಂದಿಟ್ಟ. ಹೊರಡುವ ತಯಾರಿಯಲ್ಲಿದ್ದ ಕವಲುಬಾಲದ ಹಕ್ಕಿಯ ಬಳಿ ಹೋಗಿ, "ನೀನು 'ಆದರೆ' ಅಂದಿದ್ದೆಯಲ್ಲ, ಅದರ ಮುಂದೆ ಏನು?" ಎಂದು ಕೇಳಿದ. ಅದು ಹೇಳಿ ಮುಗಿಸುವವರೆಗೂ ಎರಡೂ ಕೈಗಳಿಂದ ತನ್ನ ಬಾಲವನ್ನು ಹಿಡಿದುಕೊಂಡು ಕುಳಿತಿದ್ದ.

ಮೂರು ದಿನದಲ್ಲಿ ನಾಲ್ಕೂ ಮೊಟ್ಟೆ ಒಡೆದವು. ನಾಲ್ಕು ಕರಿ ಮರಿಗಳು ತಾಯಿಯ ಹಿಂದೆ ಈಜತೊಡಗಿದವು.

ಏಪ್ರಿಲ್ ಬಂತು. ಒಂದು ಬೆಳಿಗ್ಗೆ ಭರಮಣ್ಣ ಕೆಂಚವ್ವನ ಗೂಡಿನ ಮುಂದೆ ಬಂದು ನಿಂತ. ಅವಳು ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡು, "ಈಗ ಯಾವ ದೇಶದ್ದಪ್ಪಾ?" ಎಂದಳು.

"ಥಾಯ್ಲೆಂಡಿನದು ಅಕ್ಕಾ. ಅಲ್ಲಿ ಇವತ್ತೇ ಅಂತೆ."

ಅವನ ಕೈಯಲ್ಲಿ ಒಂದು ತಾವರೆ ಎಲೆ, ಎಲೆಯಲ್ಲಿ ಒಂದು ಬೊಗಸೆಯಷ್ಟು ನೀರು, ನೀರಿನಲ್ಲಿ ಎರಡು ಹೊಂಗೆ ಹೂವು. ಅವನು ಒಂದೊಂದೇ ಹನಿಯಾಗಿ ಅದನ್ನು ಅವಳ ಪಾದದ ಮೇಲೆ ಸುರಿದ.

"ಕಿರಿಯರು ಹಿರಿಯರ ಕೈಗೆ ಹೀಗೆ ನೀರು ಬಿಡ್ತಾರಂತೆ. ನಿನಗೆ ಕೈ ಇಲ್ಲವಲ್ಲ, ಅದಕ್ಕೆ ಕಾಲಿಗೆ. ವರ್ಷವೆಲ್ಲ ಮಾಡಿದ ತಪ್ಪಿಗೆ ಕ್ಷಮೆ ಕೇಳಬೇಕಂತೆ." ಅವನು ಇನ್ನೊಂದು ಹನಿ ಬಿಟ್ಟ. "ನನ್ನದು ಉದ್ದ ಪಟ್ಟಿ ಇದೆ ಅಕ್ಕಾ. ಒಂದೊಂದಾಗಿ ಹೇಳಲಾ?"

"ಬೇಡ ಮಾರಾಯ, ಸಂಜೆಯಾಗುತ್ತೆ!" ಎಂದಳು ಕೆಂಚವ್ವ. "ಬಾಲ ಆ ಕಡೆ ಇಡು, ಮರಿಗಳಿಗೆ ಸಿಡಿಯುತ್ತೆ." ಇಷ್ಟು ಹೇಳಿ, ಬೇರೆ ಕಡೆ ಮುಖ ತಿರುಗಿಸಿಕೊಂಡು, ಇನ್ನೊಂದು ಪಾದವನ್ನೂ ಮುಂದೆ ಚಾಚಿದಳು.

ನೀತಿ: ಹಬ್ಬ ಯಾವ ದೇಶದ್ದೇ ಆಗಲಿ, ಅದರ ಗದ್ದಲವನ್ನಷ್ಟೇ ಎತ್ತಿಕೊಂಡು ಓಡಿದವನು ಹಬ್ಬವನ್ನು ಅಲ್ಲೇ ಬಿಟ್ಟು ಬಂದಿರುತ್ತಾನೆ, ಮಾತನ್ನು ಪೂರ್ತಿ ಕೇಳಿದವನಿಗೆ ಒಂದು ಬೊಗಸೆ ನೀರಿನಲ್ಲೂ ಹಬ್ಬವಾಗುತ್ತದೆ.